ಯುದ್ಧದ ವಿಷ ಮತ್ತು ವಿಯೆಟ್ನಾಂನ ತಾಯಂದಿರು



ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಲೋಕದ ಮಾತು ನಡೆಯುತ್ತದೆ. ಹಾಗೆ ಕೂತಿದ್ದಾಗ, ಟಿ.ವಿ.ಯಲ್ಲಿ ಯುದ್ಧದ ಸುದ್ದಿ ನೋಡಿ ಬಂದಿದ್ದ ಒಬ್ಬ ಸದಸ್ಯೆ ಕೇಳಿದರು: "ಸಿಸ್ಟರ್, ಯುದ್ಧ ನಿಂತಿತು ಅಂತ ಹೇಳ್ತಾರಲ್ಲ, ಆಮೇಲೆ ಆ ಜನ ಏನು ಮಾಡ್ತಾರೆ? ಮನೆ ಕಟ್ಟಿಕೊಂಡು ಮೊದಲಿನ ಹಾಗೇ ಇರ್ತಾರಾ?" ಅವತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ವಿಯೆಟ್ನಾಂ ದೇಶದ ಹೆಸರು ನಿಮಗೆ ಹೊಸದಲ್ಲ. ನಮ್ಮ ಕರಿಮೆಣಸಿನ ಧಾರಣೆ ಇಳಿದಾಗಲೆಲ್ಲ ಅಂಗಡಿಯವರು "ವಿಯೆಟ್ನಾಂ ಮೆಣಸು ಬಂದಿದೆ" ಅನ್ನುವುದನ್ನು ಕೇಳಿದ್ದೀರಿ. ಅಲ್ಲಿಯೂ ಗದ್ದೆ, ತೆಂಗು, ಗೇರು, ಕಾಫಿ ಎಲ್ಲ ಇದೆ. ಊಟಕ್ಕೆ ಅನ್ನ, ಮೀನು. ಆ ದೇಶದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ವರ್ಷಗಟ್ಟಲೆ ಯುದ್ಧ ನಡೆಯಿತು. ದಕ್ಷಿಣದವರ ಪರವಾಗಿ ಅಮೆರಿಕದ ಸೈನ್ಯ ಬಂದು ಹೋರಾಡಿತು. 1975ರ ಏಪ್ರಿಲ್ 30ರಂದು ಯುದ್ಧ ಮುಗಿಯಿತು. ಈಗ 50 ವರ್ಷ ದಾಟಿದೆ. ಅಂದು ಹುಟ್ಟಿದ ಮಕ್ಕಳಿಗೆ ಇಂದು ಮೊಮ್ಮಕ್ಕಳು ಇರಬಹುದು. ಆದರೆ ಆ ಯುದ್ಧದಲ್ಲಿ ಬಳಸಿದ ಒಂದು ವಸ್ತು ಇನ್ನೂ ಅಲ್ಲಿನ ಮಣ್ಣಿನಲ್ಲಿ, ಜನರ ಮೈಯಲ್ಲಿ ಉಳಿದಿದೆ.

ಏನು ಮಾಡಿದರು?

ಕಾಡಿನಲ್ಲಿ ಅಡಗಿ ಹೋರಾಡುವ ಸೈನಿಕರನ್ನು ಮೇಲಿನಿಂದ ಹುಡುಕುವುದು ಅಮೆರಿಕದವರಿಗೆ ಕಷ್ಟವಾಗಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ, ಮರದ ಎಲೆಗಳನ್ನೇ ಉದುರಿಸಿಬಿಡುವುದು. 1961ರಲ್ಲಿ ಪರೀಕ್ಷೆಗೆಂದು ಶುರುವಾದ ಸಿಂಪಡಣೆ 1971ರವರೆಗೆ ನಡೆಯಿತು. ವಿಮಾನಗಳಿಂದ ಸುರಿದ ಕಳೆನಾಶಕ 7 ಕೋಟಿ ಲೀಟರಿಗೂ ಮೇಲೆ. ಬೇಸಿಗೆಯಲ್ಲಿ ನಮ್ಮ ಊರಿಗೆ ನೀರು ತರುವ 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನೋಡಿದರೆ 14,000 ಟ್ಯಾಂಕರ್ ಆಗುತ್ತದೆ. ಕಾಡಿಗೆ ಮಾತ್ರ ಅಲ್ಲ, ಎದುರಾಳಿಗಳಿಗೆ ಊಟ ಸಿಗಬಾರದು ಅಂತ ಭತ್ತದ ಗದ್ದೆಗಳಿಗೂ ಸುರಿದರು. ಆ ಭತ್ತ ಬೆಳೆದವರು ಬಡ ರೈತರು, ಅದನ್ನು ಉಣ್ಣುವವರು ಅವರ ಮಕ್ಕಳು. ಅದನ್ನು ಯೋಜನೆ ಮಾಡಿದವರು ಯೋಚಿಸಿದರೋ ಇಲ್ಲವೋ.

ಬೇರೆ ಬೇರೆ ಬಗೆಯ ಔಷಧಿಗೆ ಬೇರೆ ಬೇರೆ ಬಣ್ಣದ ಪಟ್ಟಿ ಬಳಿದ ಡ್ರಮ್ಮುಗಳಿದ್ದವು. ಎಲ್ಲಕ್ಕಿಂತ ಹೆಚ್ಚು ಬಳಸಿದ್ದು ಕಿತ್ತಳೆ ಪಟ್ಟಿಯ ಡ್ರಮ್ಮಿನದು. ಹಾಗಾಗಿ ಅದಕ್ಕೆ "ಏಜೆಂಟ್ ಆರೆಂಜ್" ಅಂತ ಹೆಸರು ಬಂತು. ಡ್ರಮ್ಮು ಅಂದರೆ ನಮ್ಮಲ್ಲಿ ನೀರು ತುಂಬಿಡುವ 200 ಲೀಟರಿನಂಥದ್ದೇ. ಖಾಲಿಯಾದ ಡ್ರಮ್ಮುಗಳನ್ನು ಜನ ಮನೆಗೆ ಒಯ್ದು ನೀರು ತುಂಬಿಡಲು ಬಳಸಿದ್ದೂ ಉಂಟು. (ಔಷಧಿಯ ಡಬ್ಬಿ ತೊಳೆದು ಮನೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲೂ ಇದೆ. ಎಷ್ಟು ಸಲ ಹೇಳಿದರೂ ಬಿಡುವುದಿಲ್ಲ.)

ಸಿಂಪಡಣೆಯ ಹಳೆಯ ದಾಖಲೆಗಳನ್ನು ಅಮೆರಿಕದ ಸಂಶೋಧಕರೇ ಕೂತು ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದರು. 3,181 ಹಳ್ಳಿಗಳ ಮೇಲೆ ನೇರವಾಗಿ ಔಷಧಿ ಬಿದ್ದಿತ್ತು. ಆ ಹೊತ್ತಿಗೆ ಅಲ್ಲಿ ಇದ್ದ ಜನ 21 ಲಕ್ಷದಿಂದ 48 ಲಕ್ಷ ಇರಬಹುದು ಅಂತ ಅವರ ಅಂದಾಜು.

ಅಡುಗೆಮನೆಗೆ ಬಂದ ದಾರಿ

ಕಳೆನಾಶಕ ಎಲೆ ಉದುರಿಸುತ್ತದೆ, ಕೆಲವು ತಿಂಗಳಲ್ಲಿ ಅದರ ಶಕ್ತಿ ಹೋಗುತ್ತದೆ. ಹಾಗಿದ್ದರೆ ಇಷ್ಟು ವರ್ಷ ಉಳಿದದ್ದು ಯಾವುದು? ಆ ಔಷಧಿಯ ಎರಡು ಅಂಶಗಳಲ್ಲಿ ಒಂದನ್ನು ಕಾರ್ಖಾನೆಯಲ್ಲಿ ತಯಾರಿಸುವಾಗ ಡಯಾಕ್ಸಿನ್ ಎಂಬ ವಿಷ ತಾನಾಗಿ ಹುಟ್ಟಿಕೊಂಡು ಅದರ ಜೊತೆ ಬೆರೆತಿತ್ತು. ಬೇಕು ಅಂತ ಸೇರಿಸಿದ್ದಲ್ಲ. ಅವಸರದಲ್ಲಿ, ಹೆಚ್ಚು ಬಿಸಿಯಲ್ಲಿ ತಯಾರಿಸಿದಷ್ಟೂ ಈ ಕಲಬೆರಕೆ ಹೆಚ್ಚು. ಪ್ರಮಾಣ ತೀರಾ ಕಡಿಮೆ, ಆದರೆ ಮನುಷ್ಯ ತಯಾರಿಸಿದ ವಸ್ತುಗಳಲ್ಲಿ ಅತಿ ಘೋರವಾದ ವಿಷಗಳ ಸಾಲಿನಲ್ಲಿ ಅದೂ ಸೇರುತ್ತದೆ. ಅದು ಕ್ಯಾನ್ಸರ್ ತರುತ್ತದೆ ಎಂದು 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತೀರ್ಮಾನಿಸಿತು.

ಡಯಾಕ್ಸಿನ್ ನೀರಿನಲ್ಲಿ ಕರಗುವುದಿಲ್ಲ. ಕೊಬ್ಬಿನಲ್ಲಿ ಕರಗುತ್ತದೆ. ಇಡೀ ಕಥೆ ಇರುವುದು ಈ ಒಂದು ಗುಣದಲ್ಲಿ. ಮೀನು ತೊಳೆದ ಕೈಗೆ ಬರೀ ನೀರು ಹಾಕಿದರೆ ಜಿಡ್ಡು ಹೋಗುತ್ತದೆಯೇ? ಹಾಗೆಯೇ ಮಳೆ ಬಂದರೂ ಡಯಾಕ್ಸಿನ್ ಕರಗಿ ಹೋಗುವುದಿಲ್ಲ. ಮಣ್ಣಿನ ಕಣಕ್ಕೆ ಅಂಟಿಕೊಂಡು ತೋಡಿನಲ್ಲಿ ಹರಿದು ಕೆರೆಯ ಕೆಸರಿಗೆ ಸೇರುತ್ತದೆ. ಕೆಸರಿನ ಹುಳುಗಳನ್ನು ಮೀನು ತಿನ್ನುತ್ತದೆ, ಬಾತುಕೋಳಿ ತಿನ್ನುತ್ತದೆ. ಅವುಗಳ ಕೊಬ್ಬಿನಲ್ಲಿ ವಿಷ ಕೂಡಿಡುತ್ತಾ ಹೋಗುತ್ತದೆ. ಆ ಮೀನನ್ನು, ಬಾತುಕೋಳಿಯನ್ನು ಮನುಷ್ಯರು ತಿನ್ನುತ್ತಾರೆ. ಬೇಯಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ಗೊತ್ತಾಗುವುದಿಲ್ಲ.

ಮೈಗೆ ಸೇರಿದ ಮೇಲೆ ಅದು ಅರ್ಧ ಕಡಿಮೆಯಾಗಲು 7ರಿಂದ 11 ವರ್ಷ ಬೇಕು. ಸಂಘದ ಸಾಲದ ಹಾಗೆ ತಿಳಿದುಕೊಳ್ಳಿ. 100 ರೂಪಾಯಿ ಸಾಲದಲ್ಲಿ ಸುಮಾರು ಹತ್ತು ವರ್ಷಕ್ಕೆ 50 ತೀರುತ್ತದೆ. ಇನ್ನು ಹತ್ತು ವರ್ಷಕ್ಕೆ ಉಳಿದ 50ರಲ್ಲಿ 25 ತೀರುತ್ತದೆ. ಪೂರ್ತಿ ತೀರುವುದು ಎಂದು? ಅಷ್ಟರ ನಡುವೆ ದಿನಾ ಅದೇ ಕೆರೆಯ ಮೀನು ತಿಂದರೆ ಹೊಸ ಸಾಲ ಏರುತ್ತಲೇ ಇರುತ್ತದೆ.

ತಾಯಿಯ ಮೈಯಿಂದ ಬೇಗ ಇಳಿಯುವ ಒಂದು ದಾರಿ ಇದೆ. ಎದೆಹಾಲು. ಹಾಲಿನಲ್ಲಿ ಕೊಬ್ಬು ಇದೆ, ಕೊಬ್ಬಿನ ಜೊತೆ ಡಯಾಕ್ಸಿನ್ ಮಗುವಿಗೆ ಹೋಗುತ್ತದೆ. ಇದನ್ನು ಬರೆಯುವಾಗ ನನಗೇ ಕೈ ತಡೆಯಿತು. ಯಾಕೆಂದರೆ ಎದೆಹಾಲಿಗೆ ಸಮಾನವಾದದ್ದು ಯಾವುದೂ ಇಲ್ಲ ಅಂತ ನಾವೇ ಊರೂರಿಗೆ ಹೇಳಿಕೊಂಡು ಬಂದಿದ್ದೇವೆ. ಆ ಮಾತು ಈಗಲೂ ನಿಜ, ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೇ ಹೇಳುತ್ತದೆ. ಇದನ್ನು ಓದಿ ಯಾರೂ ಮಗುವಿಗೆ ಹಾಲು ಬಿಡಿಸಬೇಡಿ. ನಾನು ಹೇಳುತ್ತಿರುವುದು, ಯುದ್ಧ ಎಂದೂ ನೋಡದ ಒಂದು ಕೂಸಿನ ಬಾಯಿಗೆ ಯುದ್ಧ ಯಾವ ದಾರಿಯಿಂದ ತಲುಪಿತು ಎಂಬುದನ್ನು.

ಇದು ಇಡೀ ವಿಯೆಟ್ನಾಂ ದೇಶದ ಸ್ಥಿತಿಯಲ್ಲ. ಹೆಚ್ಚಿನ ಕಡೆ ಮಣ್ಣಿನಲ್ಲಿ ಅದು ಕಡಿಮೆಯಾಗಿದೆ. ಡ್ರಮ್ಮುಗಳನ್ನು ಶೇಖರಿಸಿಟ್ಟು, ವಿಮಾನಗಳಿಗೆ ತುಂಬಿಸಿ, ತೊಳೆದ ಜಾಗಗಳೇ ದೊಡ್ಡ ತೊಂದರೆ. ದನಾಂಗ್, ಬಿಯೆನ್ ಹೋವಾ, ಫು ಕಾಟ್ ಎಂಬ ಮೂರು ವಿಮಾನ ನೆಲೆಗಳು ಮುಖ್ಯವಾದವು. ಅಲ್ಲಿ ಡ್ರಮ್ಮು ಸೋರಿ, ಚೆಲ್ಲಿ, ಸುತ್ತಲಿನ ಕೆರೆಗಳಿಗೆ ಹರಿದಿತ್ತು. ಬಿಯೆನ್ ಹೋವಾದಲ್ಲಿ 2000ದ ದಶಕದ ಆರಂಭದಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಕೆಲವರ ಮೈಯಲ್ಲಿ ಸಾಮಾನ್ಯಕ್ಕಿಂತ 100 ಪಟ್ಟಿಗೂ ಹೆಚ್ಚು ಡಯಾಕ್ಸಿನ್ ಸಿಕ್ಕಿತು. ಪರೀಕ್ಷೆಗೆ ಒಳಗಾದವರಲ್ಲಿ ಯುದ್ಧ ಮುಗಿದ ಮೇಲೆ ಹುಟ್ಟಿದವರೂ, ಬೇರೆ ಊರಿನಿಂದ ಬಂದು ನೆಲೆಸಿದವರೂ ಇದ್ದರು. ಊರಿನ ಸಂತೆಯ ಬಾತುಕೋಳಿ, ಕೋಳಿ, ಮೀನುಗಳಲ್ಲೂ ವಿಷ ಸಿಕ್ಕಿತು. ಅಲ್ಲಿಯವರೆಗೆ, ಅಂದರೆ ಸುಮಾರು 30 ವರ್ಷ, ಹೆಂಗಸರು ಸಾರು ಮಾಡಿ ಬಡಿಸುತ್ತಲೇ ಇದ್ದರು. ಮನೆಯವರ ಆರೋಗ್ಯಕ್ಕೆ ಮೀನು ಒಳ್ಳೆಯದು ಅಂತಲೇ ಬಡಿಸಿರುತ್ತಾರೆ.

2007ರಿಂದ ವಿಯೆಟ್ನಾಂನ ಸಾರ್ವಜನಿಕ ಆರೋಗ್ಯ ಸಂಘದವರು ಬಿಯೆನ್ ಹೋವಾದ ಎರಡು ವಾರ್ಡುಗಳಲ್ಲಿ ಆಹಾರದ ಬಗ್ಗೆ ತಿಳುವಳಿಕೆ ಕೊಡಲು ಶುರು ಮಾಡಿದರು. ಅಕ್ಕಿ, ತರಕಾರಿ, ಹಣ್ಣು ತಿನ್ನಬಹುದು, ಏಕೆಂದರೆ ಅವುಗಳಲ್ಲಿ ಕೊಬ್ಬು ಕಡಿಮೆ. ಆ ಜಾಗದ ಕೆರೆ ಮೀನು, ಬಾತುಕೋಳಿ, ಅಲ್ಲೇ ಮಣ್ಣು ಕೆದಕಿ ಮೇಯುವ ಕೋಳಿ ಬೇಡ. ಕೆಲಸ ಇಷ್ಟೇ. ಆದರೆ ಕೆರೆಯ ಮೀನನ್ನೇ ನಂಬಿದ ಬಡವರಿಗೆ "ಬೇಡ" ಅಂತ ಹೇಳುವುದು ಸುಲಭವಲ್ಲ, ಕೊಂಡು ತಿನ್ನಲು ಹಣ ಬೇಕಲ್ಲ.

ಹೆತ್ತವಳ ಮೇಲೆ ಬಿದ್ದ ಅಪವಾದ

1968ರಲ್ಲಿ ನುಯೆನ್ ಥಿ ನೊಕ್ ಫುವಾಂಗ್ ಎಂಬ ಯುವತಿ ಸೈಗಾನ್ ನಗರದಲ್ಲಿ ವೈದ್ಯಕೀಯ ತರಬೇತಿಯಲ್ಲಿದ್ದರು. ಅಂದು ಅವರು ಮಾಡಿಸಿದ ಒಂದು ಹೆರಿಗೆಯಲ್ಲಿ ಮಗು ತೀವ್ರ ಅಂಗವೈಕಲ್ಯದಿಂದ ಹುಟ್ಟಿತು. ಆಮೇಲಿನ ವರ್ಷಗಳಲ್ಲಿ ಅಂಥ ಹೆರಿಗೆಗಳನ್ನು ಅವರು ಮತ್ತೆ ಮತ್ತೆ ನೋಡಬೇಕಾಯಿತು. ಮುಂದೆ ಅವರು ತು ದು ಹೆರಿಗೆ ಆಸ್ಪತ್ರೆಯ ಮುಖ್ಯಸ್ಥೆಯಾದರು. ಯಾವ ಮಗು, ಯಾವ ಊರಿನ ತಾಯಿ, ಅಲ್ಲಿ ಸಿಂಪಡಣೆ ಆಗಿತ್ತೇ ಅಂತ ದಾಖಲೆ ಇಡುತ್ತಾ ಹೋದರು. ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು ಸಾಕ್ಷಿಯನ್ನೂ ಹೇಳಿದರು. 2024ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಅಂಥ ಮಗು ಹುಟ್ಟಿದಾಗ ಮನೆಯವರು ಏನು ಹೇಳುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಗರ್ಭಿಣಿ ಇದ್ದಾಗ ಅವಳು ಅದನ್ನು ತಿಂದಳು, ಗ್ರಹಣ ನೋಡಿದಳು, ಅವಳ ತವರಿನ ರಕ್ತವೇ ಹಾಗೆ. ವಿಯೆಟ್ನಾಂನಲ್ಲಿಯೂ ಹಿರಿಯರ ಪಾಪ, ಪೂರ್ವಜರ ಶಾಪ ಅಂತ ಹೇಳುವವರಿದ್ದರು. ಟ್ರಾನ್ ತೊ ಙಾ ಎಂಬ ಮಹಿಳೆ ಯುದ್ಧಕಾಲದಲ್ಲಿ ಪತ್ರಕರ್ತೆಯಾಗಿದ್ದರು, ವಿಮಾನದಿಂದ ಸುರಿದ ಔಷಧಿ ಅವರ ಮೈಮೇಲೆಯೇ ಬಿದ್ದಿತ್ತು. 1968ರಲ್ಲಿ ಹುಟ್ಟಿದ ಅವರ ಮೊದಲ ಮಗಳು ಹೃದಯದ ದೋಷದಿಂದ 17 ತಿಂಗಳಿಗೆ ತೀರಿಕೊಂಡಳು. ಕಾಯಿಲೆಯ ಮಗುವನ್ನು ಹೆತ್ತೆ, ಅದನ್ನು ಉಳಿಸಿಕೊಳ್ಳಲೂ ಆಗಲಿಲ್ಲ, ತಾನು ಕೆಟ್ಟ ತಾಯಿ ಅಂತ ಆಕೆ ದಶಕಗಟ್ಟಲೆ ಕೊರಗಿದರು. ಓದಿದ, ಹೋರಾಡಿದ ಹೆಂಗಸಿನ ಕಥೆಯೇ ಹೀಗಾದರೆ ಹಳ್ಳಿಯ ತಾಯಂದಿರ ಸಂಕಟ ಊಹಿಸಿ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ವಿಯೆಟ್ನಾಂನಲ್ಲಿ ಹುಟ್ಟಿದ ಪ್ರತಿಯೊಂದು ವಿಕಲಚೇತನ ಮಗುವಿಗೂ ಡಯಾಕ್ಸಿನ್ನೇ ಕಾರಣ ಅಂತ ಹೇಳಲು ಬರುವುದಿಲ್ಲ. ಯುದ್ಧದ ಹಸಿವು, ರಕ್ತಹೀನತೆ, ಸೋಂಕು, ಹತ್ತಿರದ ಸಂಬಂಧದಲ್ಲಿ ಮದುವೆ, ಹೀಗೆ ಕಾರಣ ಹಲವು ಇರಬಹುದು. ಒಂದು ಮಗುವನ್ನು ತೋರಿಸಿ ಇದು ಇದರಿಂದಲೇ ಅಂತ ಹೇಳಬಲ್ಲ ಪರೀಕ್ಷೆ ಇಲ್ಲ. ಒಟ್ಟು 30 ಲಕ್ಷ ಜನರಿಗೆ ತೊಂದರೆಯಾಗಿದೆ, ಅದರಲ್ಲಿ ಕನಿಷ್ಠ ಒಂದೂವರೆ ಲಕ್ಷ ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದ್ದಾರೆ ಎಂಬುದು ವಿಯೆಟ್ನಾಂ ರೆಡ್ ಕ್ರಾಸ್‌ನ ಅಂದಾಜು. ಅಮೆರಿಕ ಸರ್ಕಾರ ಈ ಲೆಕ್ಕವನ್ನು ಒಪ್ಪುವುದಿಲ್ಲ.

ಒಪ್ಪದ ಆ ಸರ್ಕಾರ ತನ್ನ ಸೈನಿಕರ ವಿಷಯದಲ್ಲಿ ಏನು ಮಾಡಿತು ನೋಡಿ. ಏಜೆಂಟ್ ಆರೆಂಜ್ ಇದ್ದ ಜಾಗದಲ್ಲಿ ಕೆಲಸ ಮಾಡಿದ ಅಮೆರಿಕದ ಸೈನಿಕರಿಗೆ ಕೆಲವು ಬಗೆಯ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಬಂದರೆ, ಅದು ಸೇವೆಯಿಂದ ಬಂದದ್ದು ಅಂತ ಒಪ್ಪಿ ಪಿಂಚಣಿ, ಚಿಕಿತ್ಸೆ ಕೊಡುತ್ತಾರೆ. 2022ರಲ್ಲಿ ರಕ್ತದೊತ್ತಡವನ್ನೂ ಆ ಪಟ್ಟಿಗೆ ಸೇರಿಸಿದರು. ಸೈನಿಕರ ಮಗುವಿಗೆ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ದೋಷ ಇದ್ದರೆ ಆ ಮಗುವಿಗೂ ಸಹಾಯಧನ ಇದೆ. ಅದೇ ದೋಷವಿರುವ ಮಗು ಸಿಂಪಡಣೆಯಾದ ಹಳ್ಳಿಯಲ್ಲಿ ಹುಟ್ಟಿದ್ದರೆ ಸಾಕ್ಷಿ ಸಾಲದು ಅನ್ನುತ್ತಾರೆ. ಸಮಾಜಕಾರ್ಯ ಓದುವಾಗ ನಮಗೆ "ಪಕ್ಷಪಾತವಿಲ್ಲದೆ ನೋಡಬೇಕು" ಅಂತ ಕಲಿಸಿದ್ದರು. ಎಷ್ಟು ಪ್ರಯತ್ನ ಮಾಡಿದರೂ ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಬೆನ್ನುಹುರಿಯ ಮಾತು ಬಂದದ್ದರಿಂದ ನಿಮಗೆ ಬೇಕಾದ ಒಂದು ವಿಷಯ ಹೇಳಿಬಿಡುತ್ತೇನೆ. ಈ ದೋಷ ವಿಷವಿಲ್ಲದ ಕಡೆಯೂ ಬರುತ್ತದೆ. ಫೋಲಿಕ್ ಆಸಿಡ್ ಎಂಬ ಅಂಶದ ಕೊರತೆ ಅದಕ್ಕೆ ಒಂದು ದೊಡ್ಡ ಕಾರಣ. ಗರ್ಭ ನಿಂತ ಮೊದಲ 28 ದಿನಗಳೊಳಗೇ ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳಬೇಕು. ಆ ಹೊತ್ತಿಗೆ ಎಷ್ಟೋ ಜನರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಹಾಗಾಗಿ ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ, ಅಂಗನವಾಡಿಯಲ್ಲಿ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಕಿಟಕಿಯಿಂದ ಎಸೆಯಲು ಬಿಡಬೇಡಿ. ಅದರಲ್ಲಿ ಫೋಲಿಕ್ ಆಸಿಡ್ಡೂ ಇದೆ. ಮದುವೆಯಾಗಿ ಮಗು ಬೇಕು ಅನ್ನುವವರು ಗರ್ಭ ನಿಲ್ಲುವ ಮೊದಲೇ ಆಶಾ ಕಾರ್ಯಕರ್ತೆಯನ್ನೋ ಡಾಕ್ಟರನ್ನೋ ಕೇಳಿ.

ಕೋರ್ಟು ಮತ್ತು ಮಣ್ಣು

1984ರಲ್ಲಿ ಔಷಧಿ ತಯಾರಿಸಿದ ಕಂಪೆನಿಗಳು, ತಪ್ಪು ಒಪ್ಪಿಕೊಳ್ಳದೆಯೇ, ಸೈನಿಕರ ಜೊತೆ ರಾಜಿ ಮಾಡಿಕೊಂಡು 18 ಕೋಟಿ ಡಾಲರ್ ಕೊಟ್ಟವು. 2004ರಲ್ಲಿ ವಿಯೆಟ್ನಾಂನ ಸಂತ್ರಸ್ತರು ಅಮೆರಿಕದ ಕೋರ್ಟಿಗೆ ಹೋದರು. 2005ರಲ್ಲಿ ಅವರ ದಾವೆ ವಜಾ ಆಯಿತು, 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಕೇಳಲು ಒಪ್ಪಲಿಲ್ಲ. ಮೇಲೆ ಹೇಳಿದ ಟ್ರಾನ್ ತೊ ಙಾ ಫ್ರಾನ್ಸ್ ದೇಶದಲ್ಲಿ ನೆಲೆಸಿದ್ದರಿಂದ ಅಲ್ಲಿ 14 ಕಂಪೆನಿಗಳ ಮೇಲೆ ದಾವೆ ಹೂಡಿದರು. ಕಂಪೆನಿಗಳು ಅಮೆರಿಕ ಸರ್ಕಾರದ ಪರವಾಗಿ ಕೆಲಸ ಮಾಡಿದ್ದರಿಂದ ಈ ವಿಚಾರಣೆ ತನಗೆ ಬರುವುದಿಲ್ಲ ಎಂದು 2021ರಲ್ಲಿ ಕೋರ್ಟು ಹೇಳಿತು. 2024ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಆಗ ಅವರ ವಯಸ್ಸು 80 ದಾಟಿತ್ತು.

ಹಣಕ್ಕಿಂತ ಮೊದಲು ಆಗಬೇಕಾದದ್ದು ಮಣ್ಣು ಶುದ್ಧ ಮಾಡುವ ಕೆಲಸ. ಅಮೆರಿಕ 2007ರಿಂದ ಇದಕ್ಕೆ ಹಣ ತೆಗೆದಿಟ್ಟಿತು, ಪರಿಹಾರ ಅಂತಲ್ಲ, ನೆರವು ಅಂತ. ದನಾಂಗ್‌ನಲ್ಲಿ 2012ರಿಂದ 2018ರವರೆಗೆ ಮಣ್ಣನ್ನು ಅಗೆದು, ಕಾಂಕ್ರೀಟಿನ ಭಾರಿ ಪೆಟ್ಟಿಗೆಯಂಥ ಕಟ್ಟಡದಲ್ಲಿ ತುಂಬಿ, 300 ಡಿಗ್ರಿಗೂ ಮೇಲೆ ಬಿಸಿ ಮಾಡಿದರು. ಅಷ್ಟು ಬಿಸಿಗೆ ಮಾತ್ರ ಡಯಾಕ್ಸಿನ್ ಒಡೆಯುತ್ತದೆ. ಸುಮಾರು 90,000 ಘನ ಮೀಟರ್ ಮಣ್ಣು ಹೀಗೆ ಸುಟ್ಟಿತು. ಬಿಯೆನ್ ಹೋವಾದಲ್ಲಿ ಇದಕ್ಕೆ ಐದಾರು ಪಟ್ಟು ಮಣ್ಣು ಇದೆ. ಅಲ್ಲಿ ಕೆಲಸ 2019ರಲ್ಲಿ ಶುರುವಾಯಿತು. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ದಿಢೀರ್ ತಡೆಹಿಡಿದಾಗ, ಅಗೆದಿಟ್ಟ ಮಣ್ಣು ಹಾಗೇ ಇರುವಾಗಲೇ ಕೆಲಸ ಕೆಲವು ವಾರ ನಿಂತುಹೋಗಿ, ಆಮೇಲೆ ಮತ್ತೆ ಶುರುವಾಯಿತು. ವರ್ಷಗಳ ಕೆಲಸ ಇನ್ನೂ ಬಾಕಿ ಇದೆ.

ನೋಡಿಕೊಳ್ಳುವವರು

1981ರಲ್ಲಿ ಕೊನ್ ತುಮ್ ಪ್ರದೇಶದಲ್ಲಿ ವಿಯೆಟ್ ಮತ್ತು ಡುಕ್ ಎಂಬ ಅವಳಿ ಗಂಡುಮಕ್ಕಳು ಸೊಂಟದ ಕೆಳಗೆ ಒಂದಕ್ಕೊಂದು ಅಂಟಿಕೊಂಡು ಹುಟ್ಟಿದರು. ಅದಕ್ಕೆ ವಿಷವೇ ಕಾರಣ ಅಂತ ಖಚಿತವಾಗಿ ಹೇಳಲಾಗದಿದ್ದರೂ ಏಜೆಂಟ್ ಆರೆಂಜ್ ವಿಷಯ ಬಂದಾಗ ಲೋಕದಲ್ಲಿ ಎಷ್ಟೋ ಜನರಿಗೆ ನೆನಪಾಗುವುದು ಈ ಮಕ್ಕಳ ಫೋಟೋ. 1988ರಲ್ಲಿ ತು ದು ಆಸ್ಪತ್ರೆಯಲ್ಲಿ, ಜಪಾನಿನ ವೈದ್ಯರ ಸಹಾಯದಿಂದ, ಅವರನ್ನು ಬೇರೆ ಮಾಡಿದರು. ವಿಯೆಟ್ ಹಾಸಿಗೆಯಲ್ಲೇ ಉಳಿದು 2007ರಲ್ಲಿ ತೀರಿಕೊಂಡ. ಒಂದೇ ಕಾಲಿನ ಡುಕ್ ಓದಿ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ, 2009ರಲ್ಲಿ ಅವಳಿ ಮಕ್ಕಳ ತಂದೆಯಾದರು.

ಡುಕ್‌ಗೆ ಆಸ್ಪತ್ರೆ ಸಿಕ್ಕಿತು, ದೇಶವಿದೇಶದ ಸಹಾಯ ಸಿಕ್ಕಿತು. ಉಳಿದ ಹೆಚ್ಚಿನವರಿಗೆ ಸಿಕ್ಕಿದ್ದು ತಾಯಿ ಮಾತ್ರ. ಯುದ್ಧ ಮುಗಿದ ಹೊಸತರಲ್ಲಿ ಹೆತ್ತ ಹೆಂಗಸರಿಗೆ ಈಗ 70 ದಾಟಿದೆ. ಅವರ ಮಕ್ಕಳಿಗೆ 45 ದಾಟಿದೆ. ಎತ್ತಬೇಕು, ಸ್ನಾನ ಮಾಡಿಸಬೇಕು, ಉಣಿಸಬೇಕು. ಸರ್ಕಾರದ ಮಾಸಾಶನ ಇದೆ, ದನಾಂಗ್‌ನಂಥ ಊರುಗಳಲ್ಲಿ ಸಂತ್ರಸ್ತರ ಸಂಘದ ಹಗಲು ಪಾಲನಾ ಕೇಂದ್ರಗಳಿವೆ. ಆದರೂ ಎಲ್ಲರ ಮನಸ್ಸಿನಲ್ಲಿ ಒಂದೇ ಪ್ರಶ್ನೆ, ನಾನು ಹೋದ ಮೇಲೆ ಯಾರು?

ಈ ಪ್ರಶ್ನೆಯನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ನಮ್ಮ ಜಿಲ್ಲೆಯಲ್ಲೇ ಕೇಳಿದ್ದೆ. ಬೆಳ್ತಂಗಡಿಯ ಕೊಕ್ಕಡ ಕಡೆಯವರಿಗೆ, ಗಡಿಯಾಚೆ ಕಾಸರಗೋಡಿನವರಿಗೆ ಹೆಲಿಕಾಪ್ಟರಿನಿಂದ ಗೇರು ತೋಟಕ್ಕೆ ಸುರಿದ ಎಂಡೋಸಲ್ಫಾನ್ ನೆನಪಿದೆ. ಅದು ಬೇರೆ ವಿಷ, ಅಲ್ಲಿ ಯುದ್ಧವೂ ಇರಲಿಲ್ಲ, ಟೀ ಸೊಳ್ಳೆಯ ಕಾಟಕ್ಕೆ ಅಂತ ಹೊಡೆದದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಆದರೆ ಮಗನನ್ನು ಎತ್ತಿ ಎತ್ತಿ ಸೊಂಟ ಬಿದ್ದುಹೋದ ತಾಯಂದಿರು ಎರಡೂ ಕಡೆ ಇದ್ದಾರೆ.

ಒಂದು ಸಂಘದಲ್ಲಿ ಅಂಥ ಒಬ್ಬ ತಾಯಿ ಸದಸ್ಯೆಯಾಗಿದ್ದರು. ಮಗನನ್ನು ಒಬ್ಬನೇ ಬಿಟ್ಟು ಬರಲಾಗದೆ ಸಭೆಗೆ ಬರುತ್ತಿರಲಿಲ್ಲ. ಉಳಿತಾಯದ ಹಣವನ್ನು ಪಕ್ಕದ ಮನೆಯವರ ಕೈಯಲ್ಲಿ ತಪ್ಪದೆ ಕಳಿಸುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಸಾಲಾಗಿ ಗೈರು, ಪ್ರತಿ ಗೈರಿಗೆ 5 ರೂಪಾಯಿ ದಂಡ. ನಿಯಮ ಅಂದರೆ ನಿಯಮ ಅಲ್ವಾ ಸಿಸ್ಟರ್ ಅಂತ ಪುಸ್ತಕ ಬರೆಯುವವರು ನನ್ನನ್ನು ಕೇಳಿದರು. ನಾನೂ ಅವತ್ತು ತಕ್ಷಣ ಏನೂ ಹೇಳಲಿಲ್ಲ, ಅದು ನನ್ನ ತಪ್ಪೇ. ಎರಡು ವಾರದ ಮೇಲೆ ಸದಸ್ಯೆಯರೇ ಮಾತಾಡಿಕೊಂಡು ದಂಡ ತೆಗೆದುಹಾಕಿದರು, ಸಭೆಯನ್ನು ಆ ಮನೆಯ ಜಗಲಿಗೆ ಒಯ್ದರು. ಈಗಲೂ ಅಲ್ಲಿಯೇ ನಡೆಯುತ್ತದೆ. ಲೆಕ್ಕ ಓದುವಾಗ ಮಗ ಚಾಪೆಯ ಮೇಲೆ ಪಕ್ಕದಲ್ಲೇ ಮಲಗಿರುತ್ತಾನೆ, ಸೊಂಟ ನೋವಿದ್ದ ದಿನ ಅವನನ್ನು ಮಗ್ಗುಲು ತಿರುಗಿಸಲು ಇಬ್ಬರು ಏಳುತ್ತಾರೆ.